ಕಾಗದನಗರದ ಕೋರ್ಟು, ಅಜ್ಜಿಯ ಡಬ್ಬಿ

ಮೂರು ವಾರಕ್ಕೊಮ್ಮೆ ನಮ್ಮ ಮನೆಯಲ್ಲಿ ಮಾತು ನಿಲ್ಲುತ್ತಿತ್ತು. ಅಪ್ಪನಿಗೆ ರಾತ್ರಿ ಪಾಳಿ ಬೀಳುವ ವಾರ ಅದು. ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ ಅಪ್ಪ ಮಷೀನಿನ ಮೇಲೆ ಕೆಲಸ ಮಾಡುತ್ತಿದ್ದ. ಬೆಳಿಗ್ಗೆ ಬಂದು ಸೈಕಲ್ಲನ್ನು ಗೋಡೆಗೆ ಒರಗಿಸಿ, ಕೈಕಾಲು ತೊಳೆದು, ಎರಡು ರೊಟ್ಟಿ ತಿಂದು, ಮುಂದಿನ ಕೋಣೆಯಲ್ಲಿ ಮುಖದ ಮೇಲೆ ಟವೆಲ್ ಹಾಕಿಕೊಂಡು ಮಲಗಿದನೆಂದರೆ ಮಧ್ಯಾಹ್ನ ಎರಡರವರೆಗೆ ಯಾರೂ ಗಟ್ಟಿಯಾಗಿ ಸೀನುವ ಹಾಗಿರಲಿಲ್ಲ. ಕಾಗದನಗರದ ಕ್ವಾರ್ಟರ್ಸಿನಲ್ಲಿ ಎಲ್ಲರ ಮನೆಯೂ ಒಂದೇ ಅಚ್ಚಿನದು. ಮುಂದೊಂದು ಕೋಣೆ, ಹಿಂದೊಂದು ಕೋಣೆ, ಅದರಾಚೆ ಅಡುಗೆಮನೆ, ಹಿತ್ತಲಲ್ಲಿ ಒಂದು ಒಗೆಯುವ ಕಲ್ಲು. ಆ ವಾರ ಅಮ್ಮ ಕುಕ್ಕರ್ ಇಡುತ್ತಿರಲಿಲ್ಲ, ಸೀಟಿ ಹೊಡೆಯುತ್ತದೆಂದು. ಒಗ್ಗರಣೆ ಹಾಕುವಾಗ ಅಡುಗೆಮನೆಯ ಬಾಗಿಲು ಮುಚ್ಚುತ್ತಿದ್ದಳು. ಅಪ್ಪನ ತಾಯಿ, ನನ್ನ ಅಜ್ಜಿ, ಎಡಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆ ಮಾಡುವಾಗ ಬರೀ ತುಟಿ ಅಲ್ಲಾಡಿಸುತ್ತಿದ್ದಳು. ಪಕ್ಕದ ಮನೆಯವರು ರೇಡಿಯೋ ಜೋರು ಮಾಡಿದರೆ ಗೋಡೆ ತಟ್ಟುವ ಹಾಗೂ ಇರಲಿಲ್ಲ. ತಟ್ಟಿದರೆ ಅಪ್ಪ ಏಳುತ್ತಿದ್ದ.

ಈ ಮನೆಯಲ್ಲಿ ನಾನೊಬ್ಬಳೇ ಮಗಳು. ಹನ್ನೊಂದನೇ ವಯಸ್ಸಿಗೇ ಅಮ್ಮನಿಗಿಂತ ಉದ್ದವಾಗಿದ್ದೆ. ನನ್ನ ಕೈಕಾಲು ಎಲ್ಲಿಗೆ ಮುಗಿಯುತ್ತವೆಂದು ನನಗೇ ಗೊತ್ತಾಗುತ್ತಿರಲಿಲ್ಲ. ತಿರುಗಿದರೆ ಮೊಣಕೈ ತಾಗಿ ಲೋಟ ಬೀಳುತ್ತಿತ್ತು, ಎದ್ದರೆ ತಲೆ ತಾಗಿ ಹಗ್ಗದ ಮೇಲಿನ ಬಟ್ಟೆ ಬೀಳುತ್ತಿತ್ತು. ಶಾಲೆಯಲ್ಲಿ ಕೊನೆಯ ಬೆಂಚು, ಫೋಟೋ ತೆಗೆಸುವಾಗ ಹಿಂದಿನ ಸಾಲು. ಬೆನ್ನು ಬಗ್ಗಿಸಿಕೊಂಡು ನಡೆಯುವುದು ನನಗೆ ಅಭ್ಯಾಸವಾಗಿಹೋಗಿತ್ತು. ಅಜ್ಜಿಗೆ ಆಗಲೇ ಗಂಡಿನ ಚಿಂತೆ. ನೆಂಟರ ಹುಡುಗರ ಹೆಸರು ಒಂದೊಂದಾಗಿ ಹೇಳಿ, 'ಅವನು ಇವಳ ಭುಜಕ್ಕೆ ಬರ್ತಾನೆ ಅಷ್ಟೆ' ಎಂದು ತಾನೇ ತಳ್ಳಿಹಾಕುತ್ತಿದ್ದಳು. ಒಂದು ಬೇಸಿಗೆ ರಜೆಯಲ್ಲಿ, ರಾತ್ರಿ ಪಾಳಿಯ ವಾರದಲ್ಲೇ, ನನ್ನ ಕೈ ತಾಗಿ ಹಿತ್ತಾಳೆಯ ಕೊಡ ಉರುಳಿತು. ಅದು ಉರುಳಿ ಉರುಳಿ ಮುಂದಿನ ಕೋಣೆಯವರೆಗೂ ಹೋಯಿತು. ಅಪ್ಪ ಎದ್ದು ಕೂತ. ಬೈಯಲಿಲ್ಲ, ಸುಮ್ಮನೆ ನೋಡಿದ. ಅಮ್ಮ ನನ್ನ ರಟ್ಟೆ ಹಿಡಿದು ಹೊರಗೆ ಕರೆದುಕೊಂಡು ಬಂದಳು.

"ಹೊರಗೆಲ್ಲಾದ್ರೂ ಹೋಗೇ ಮಾರಾಯ್ತಿ. ಎರಡು ಗಂಟೆಗೆ ಮುಂಚೆ ಈ ಕಡೆ ತಲೆ ಹಾಕ್ಬೇಡ."

ಹೋಗಲು ಬೇರೆ ಜಾಗವಿರಲಿಲ್ಲ. ಕಾರ್ಮಿಕರ ಕ್ಲಬ್ಬಿನ ಹಿಂದೆ ಒಂದು ಸಿಮೆಂಟಿನ ಬಾಸ್ಕೆಟ್‌ಬಾಲ್ ಕೋರ್ಟು ಇತ್ತು. ಎರಡು ಕಡೆ ಕಬ್ಬಿಣದ ಕಂಬ, ಬಣ್ಣ ಹೋದ ಹಲಗೆ, ಬಲೆಯಿಲ್ಲದ ರಿಂಗು. ಅದರ ಪಕ್ಕದ ಕಟ್ಟೆಯ ಮೇಲೆ ಕೂತೆ. ಐದಾರು ಹುಡುಗಿಯರಿಗೆ ಅರುಳ್ ಸರ್ ಆಟ ಹೇಳಿಕೊಡುತ್ತಿದ್ದರು. ಅವರು ಮೇಷ್ಟ್ರೇನಲ್ಲ, ಕಾರ್ಖಾನೆಯ ಗೋಡೌನಿನಲ್ಲಿ ಕ್ರೇನ್ ಓಡಿಸುತ್ತಿದ್ದರು, ವಯಸ್ಸಿನಲ್ಲಿ ಕಾರ್ಖಾನೆಯ ತಂಡಕ್ಕೆ ಆಡಿದ್ದವರು. ಮನೆಮಾತು ತಮಿಳು, ಕನ್ನಡದಲ್ಲಿ ಬೈದರೂ ಕೊನೆಗೊಂದು 'ಮ್ಮಾ' ಸೇರಿಸುತ್ತಿದ್ದರು. ಚೆಂಡು ಉರುಳಿಕೊಂಡು ನನ್ನ ಕಾಲಬುಡಕ್ಕೆ ಬಂತು. ಎತ್ತಿಕೊಟ್ಟೆ.

"ಎದ್ದು ನಿಲ್ಲಮ್ಮಾ," ಅಂದರು.

ನಿಂತೆ.

"ಹಿಂಗಲ್ಲ. ಪೂರ್ತಿ ನಿಲ್ಲು."

ಬೆನ್ನು ನೆಟ್ಟಗೆ ಮಾಡಿದೆ. ಹುಡುಗಿಯರೆಲ್ಲ ನನ್ನನ್ನೇ ನೋಡುತ್ತಿದ್ದರು, ಆದರೆ ಯಾರೂ ನಗಲಿಲ್ಲ. ಸರ್ ಚೆಂಡನ್ನು ನನ್ನ ಕೈಗಿಟ್ಟು, ನೆಲಕ್ಕೆ ಹೊಡಿ ಎಂದರು. ಮೆಲ್ಲಗೆ ಹೊಡೆದೆ, ಸದ್ದಾಗದ ಹಾಗೆ. ಅವರಿಗೆ ಸಿಟ್ಟು ಬಂತು. 'ಚೆಂಡಿಗೆ ನಿದ್ದೆ ಬರ್ಸ್ತೀಯಾ? ಜೋರಾಗಿ ಹೊಡಿಯಮ್ಮಾ!' ಹೊಡೆದೆ. ಆ ಸದ್ದು ಕ್ಲಬ್ಬಿನ ಗೋಡೆಗೆ ತಾಗಿ ವಾಪಸ್ಸು ಬಂತು. ಯಾರ ನಿದ್ದೆಯೂ ಕೆಡಲಿಲ್ಲ, ಯಾರೂ ಬೆರಳು ತುಟಿಗಿಡಲಿಲ್ಲ. ಇನ್ನೊಂದು ಸಲ ಹೊಡೆದೆ, ಮತ್ತೊಂದು ಸಲ ಹೊಡೆದೆ. ಯಾಕೆ ಆಟಕ್ಕೆ ಬಂದಿರಿ ಎಂದು ಆಮೇಲೆ ಬಹಳ ಜನ ಕೇಳಿದ್ದಾರೆ. ದೇಶ, ಪದಕ, ಕನಸು ಎಂದೆಲ್ಲ ಹೇಳಿದ್ದೇನೆ. ನಿಜ ಇಷ್ಟೇ: ಸದ್ದು ಮಾಡಲು ಒಂದು ಜಾಗ ಸಿಕ್ಕಿತು, ಅದಕ್ಕೆ ಬಂದೆ.

ಎರಡು ತಿಂಗಳಾದ ಮೇಲೆ ಅರುಳ್ ಸರ್ ಮನೆಗೆ ಬಂದರು. ಅಪ್ಪನಿಗೆ ಆ ವಾರ ಹಗಲು ಪಾಳಿ, ಸಂಜೆ ಮನೆಯಲ್ಲಿದ್ದ. ಅಜ್ಜಿ ಕಾಫಿ ತಂದುಕೊಟ್ಟು ಬಾಗಿಲ ಹತ್ತಿರವೇ ಕೂತಳು. ಅವಳು ಹಾಗೆ ಕೂತಳೆಂದರೆ ಮಾತು ಅವಳ ಜೊತೆಗೇ ಆಗಬೇಕೆಂದು ಅರ್ಥ. ಹುಡುಗಿಯನ್ನು ತಾಲ್ಲೂಕು ತಂಡಕ್ಕೆ ಸೇರಿಸುತ್ತೇನೆ ಎಂದರು ಸರ್. ಚಡ್ಡಿ ಹಾಕಿಕೊಂಡು ಓಡಬೇಕಾ ಎಂದು ಅಜ್ಜಿ ಕೇಳಿದಳು. ಮೊಣಕಾಲಿನವರೆಗೆ ಬರುತ್ತದೆ ಎಂದು ಸರ್ ತಮ್ಮ ಕಾಲಿನ ಮೇಲೆ ಗೆರೆ ಎಳೆದು ತೋರಿಸಿದರು. ಅಜ್ಜಿ ಆ ಗೆರೆಯನ್ನು ಸ್ವಲ್ಪ ಹೊತ್ತು ನೋಡಿ, ಆಗಲಿ ಎಂದಳು. ಅಷ್ಟಕ್ಕೇ ಎದ್ದು ಹೋಗಿದ್ದರೆ ಚೆನ್ನಾಗಿತ್ತು. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ ಸರ್ ಒಂದು ಮಾತು ಸೇರಿಸಿದರು.

"ಮೈಯಲ್ಲಿ ಶಕ್ತಿ ಇಲ್ಲಮ್ಮಾ ಹುಡುಗಿಗೆ. ದಿನಕ್ಕೆರಡು ಮೊಟ್ಟೆ ಕೊಡಿ."

ನಮ್ಮದು ಲಿಂಗಾಯತರ ಮನೆ. ಮೊಟ್ಟೆ ಎಂಬ ಮಾತೇ ಆ ಹೊಸಿಲ ಒಳಗೆ ಬಂದಿರಲಿಲ್ಲ. ಅಜ್ಜಿ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದಳು. ಸರ್ ಏನೋ ತಪ್ಪಾಯಿತೆಂದು ಅಪ್ಪನ ಮುಖ ನೋಡಿದರು, ಅಪ್ಪ ಗೋಡೆ ನೋಡಿದ. ಅಮ್ಮ ಮಾತ್ರ ಆ ಮಾತನ್ನು ಇಟ್ಟುಕೊಂಡಳು. ನಾಲ್ಕನೇ ದಿನದಿಂದ, ಶಾಲೆಗೆ ಹೋಗುವಾಗ ಎರಡು ಮನೆ ಆಚೆ ಸೆಲ್ವಿ ಅಕ್ಕನ ಮನೆಗೆ ಹೊಕ್ಕು ಹೋಗು ಎಂದಳು. ಸೆಲ್ವಿ ಅಕ್ಕ ಬೇಯಿಸಿದ ಮೊಟ್ಟೆಯನ್ನು ಉಪ್ಪು ಮೆಣಸಿನ ಪುಡಿ ಹಾಕಿ ತಟ್ಟೆಯಲ್ಲಿಟ್ಟಿರುತ್ತಿದ್ದಳು. ಮೊದಲ ದಿನ ವಾಂತಿಯಾಯಿತು, ಎರಡನೇ ದಿನ ಹೊಟ್ಟೆಯಲ್ಲಿ ನಿಂತಿತು. ಒಂದು ವಾರವಾದ ಮೇಲೆ ನನಗೇ ಬೇಕೆನಿಸತೊಡಗಿತು. ಅಜ್ಜಿಗೆ ಯಾರು ಹೇಳಿದರೋ ಗೊತ್ತಿಲ್ಲ. ಒಂದು ಮಧ್ಯಾಹ್ನ ಬಡಿಸಿದ ತಟ್ಟೆಯನ್ನು ಅವಳು ಹಿಂದಕ್ಕೆ ಸರಿಸಿದಳು.

"ನನಗೆ ಹಸಿವಿಲ್ಲ. ಇನ್ಮೇಲೆ ಈ ಮನೇಲಿ ನನಗೆ ಹಸಿವಾಗಲ್ಲ."

ಮೂರು ದಿನ ಅವಳು ಬಾಳೆಹಣ್ಣು, ಹಾಲಿನಲ್ಲೇ ಇದ್ದಳು. ಅಮ್ಮ ಕಾಲಿಗೆ ಬಿದ್ದಳು. ಅಪ್ಪ, 'ಅವ್ವಾ, ಉಣ್ಣೇ' ಎಂದು ದಿನಕ್ಕೆ ಎರಡು ಸಲ ಹೇಳಿ ಕೆಲಸಕ್ಕೆ ಹೋದ. ಅಜ್ಜಿ ನನಗೆ ಮಾತ್ರ ಏನೂ ಅನ್ನಲಿಲ್ಲ. ಎಂದಿನಂತೆ ಜಡೆ ಹಾಕಿದಳು, ಆದರೆ ಅವಳ ಕೈಯಲ್ಲಿ ಬಲವಿರಲಿಲ್ಲ, ಜಡೆ ಸಡಿಲವಾಗಿ ಶಾಲೆಗೆ ಹೋಗುವಷ್ಟರಲ್ಲಿ ಬಿಚ್ಚಿಹೋಯಿತು. ನಾಲ್ಕನೇ ಬೆಳಿಗ್ಗೆ ಅವಳ ಮುಂದೆ ಕೂತು, ಇನ್ನು ತಿನ್ನಲ್ಲ ಅಜ್ಜಿ, ಲಿಂಗದ ಆಣೆ ಎಂದೆ. 'ಆಣೆಗೀಣೆ ಬೇಡ' ಎಂದಳು. ಆಮೇಲೆ ಸೆರಗು ಹೊದ್ದುಕೊಂಡು ಹೊರಗೆ ಹೊರಟಳು. ಅವಳು ಹೋದದ್ದು ಅರುಳ್ ಸರ್ ಮನೆಗೆ. ನಾನು ಹಿಂದೆಯೇ ಓಡಿದೆ. ಸರ್ ಲುಂಗಿಯಲ್ಲಿ ಬಾಗಿಲು ತೆರೆದರು.

"ಆ ಮೊಟ್ಟೇಲಿ ಅಂಥಾದ್ದು ಏನಿದೆ? ಹೇಳಿ. ಅದು ಬೇರೆ ಯಾವುದ್ರಲ್ಲಿ ಸಿಗುತ್ತೋ ಅದನ್ನ ನಾನು ಕೊಡ್ತೀನಿ."

ಸರ್ ತಲೆ ಕೆರೆದುಕೊಂಡರು. ಕಾಳು, ಹಾಲು, ಶೇಂಗಾ ಎಂದು ತೋಚಿದ್ದನ್ನು ಹೇಳಿದರು. 'ಎಷ್ಟು?' ಎಂದಳು ಅಜ್ಜಿ. ತುಂಬಾ ಎಂದರು ಸರ್. ಆ 'ತುಂಬಾ'ವನ್ನು ಅಜ್ಜಿ ಕಟ್ಟುನಿಟ್ಟಾಗಿ ಹಿಡಿದುಕೊಂಡಳು. ಮರುದಿನದಿಂದ ನಮ್ಮ ಅಡುಗೆಮನೆಯೇ ಬದಲಾಯಿತು. ರಾತ್ರಿ ನೆನೆಹಾಕಿದ ಕಡಲೆ, ಮೊಳಕೆ ಬಂದ ಹೆಸರುಕಾಳು, ಹುರುಳಿ ಕಟ್ಟಿನ ಸಾರು, ಬೆಲ್ಲ ಹಾಕಿ ಕಟ್ಟಿದ ಶೇಂಗಾ ಉಂಡೆ. ಹುರುಳಿ ದಿನಾ ತಿಂದರೆ ಉಷ್ಣವೆಂದು ಅಮ್ಮ ಹೇಳಿದರೆ, ಅದಕ್ಕೇ ಮಜ್ಜಿಗೆ ಇದೆಯಲ್ಲ ಎಂದು ಅಜ್ಜಿ ಒಂದು ಚೊಂಬು ಮುಂದಿಡುತ್ತಿದ್ದಳು. ಸಂಜೆ ಅಭ್ಯಾಸ ಮುಗಿಯುವ ಹೊತ್ತಿಗೆ ಮೂರು ಅಂತಸ್ತಿನ ಟಿಫಿನ್ ಡಬ್ಬಿ ಹಿಡಿದು ಕೋರ್ಟಿಗೇ ಬಂದು ಕಟ್ಟೆಯ ಮೇಲೆ ಕೂರುತ್ತಿದ್ದಳು. ಮೊದಲು ಡಬ್ಬಿ ಕೊಟ್ಟು ಹೋಗಲು ಬರುತ್ತಿದ್ದವಳು, ಆಮೇಲೆ ಅರ್ಧ ಗಂಟೆ ಮುಂಚೆ ಬರತೊಡಗಿದಳು, ಆಮೇಲೆ ಎಲ್ಲರಿಗಿಂತ ಮೊದಲು. ಉಂಡೆ ನನಗೆ ಮಾತ್ರ ಕೊಟ್ಟರೆ ಬೇರೆ ಹುಡುಗಿಯರ ದೃಷ್ಟಿ ತಾಗೀತೆಂದು ಎಲ್ಲರಿಗೂ ಕಟ್ಟಿ ತರುತ್ತಿದ್ದಳು. ಆ ಕೋರ್ಟಿನಲ್ಲಿ ಆಡಿದ ಸೆಲ್ವಿ ಅಕ್ಕನ ಮಗಳು ಈಗಲೂ ಸಿಕ್ಕಾಗ ಆಟದ ಮಾತಿಗಿಂತ ಮೊದಲು ಉಂಡೆಯ ಮಾತಾಡುತ್ತಾಳೆ.

ಆಟದ ನಿಯಮ ಮಾತ್ರ ಅಜ್ಜಿಗೆ ಕೊನೆಯವರೆಗೂ ಒಪ್ಪಿಗೆಯಾಗಲಿಲ್ಲ. ಒಂದು ಪಂದ್ಯದಲ್ಲಿ ಶಿವಮೊಗ್ಗದ ಹುಡುಗಿಯೊಬ್ಬಳು ನನ್ನನ್ನು ತಳ್ಳಿದಳು, ನಾನು ಬಿದ್ದೆ. ರೆಫರಿ ಸೀಟಿ ಊದಿ ನನಗೆ ಎರಡು ಫ್ರೀ ಥ್ರೋ ಕೊಟ್ಟ. ಯಾರೂ ಅಡ್ಡ ಬರದೆ ನಿಂತಲ್ಲಿಂದ ಎಸೆಯುವ ಅವಕಾಶ ಅದು. ಅಜ್ಜಿ ಕಟ್ಟೆಯಿಂದ ಎದ್ದಳು.

"ಗಿರಿಜಾ, ಅವಳು ತಳ್ಳಿದ್ಲು ಕಣೆ! ನೀನೂ ಒಂದು ತಳ್ಳು!"

"ಅಜ್ಜಿ, ಕೂತ್ಕೋ. ಅವಳಿಗೆ ಫೌಲ್ ಆಯ್ತು."

"ಫೌಲು ಅವಳಿಗೆ, ಬಿದ್ದಿದ್ದು ನೀನು. ಇದೆಂಥ ನ್ಯಾಯ?"

ಎರಡೂ ಕಡೆಯ ಹುಡುಗಿಯರು ನಕ್ಕರು, ತಳ್ಳಿದವಳೂ ನಕ್ಕಳು. ನಾನು ನಗುತ್ತಲೇ ಎಸೆದೆ, ಎರಡೂ ರಿಂಗಿನೊಳಗೆ ಬಿದ್ದವು.

ಎಂಟನೇ ಕ್ಲಾಸು ಮುಗಿಯುವಾಗ ಶಿವಮೊಗ್ಗದ ಕ್ರೀಡಾ ಹಾಸ್ಟೆಲ್ಲಿಗೆ ನಾನು ಆಯ್ಕೆಯಾದೆ. ಬಸ್ಸಿನಲ್ಲಿ ಅರ್ಧ ಗಂಟೆಗೆ ಸ್ವಲ್ಪ ಹೆಚ್ಚು, ಅಷ್ಟೇ ದೂರ. ಆದರೆ ಅಲ್ಲೇ ಇರಬೇಕು, ಅಲ್ಲೇ ಉಣ್ಣಬೇಕು. ಈ ಸಲ ಜಗಳ ತಲೆಕೆಳಗಾಯಿತು. ಅಜ್ಜಿ ಹೋಗಲಿ ಎಂದಳು, ಅಮ್ಮ ಬೇಡವೆಂದಳು. ಅಮ್ಮ ಅತ್ತೆಗೆ ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹೋಳಿಗೆಗೆ ಹೂರಣ ರುಬ್ಬುತ್ತಾ ಕೂತಿದ್ದವಳು, ಕೈ ನಿಲ್ಲಿಸದೆ ಹೇಳಿದಳು.

"ಆಡಿ ಆಡಿ ಏನಾಗ್ತಾಳೆ ಅತ್ತೆ? ಇಪ್ಪತ್ತೈದು ವರ್ಷಕ್ಕೆ ಕಾಲು ಹೋಗುತ್ತೆ. ಆಮೇಲೆ? ನೆಟ್ಟಗೆ ಓದಿ ಟೀಚರ್ ಆಗ್ಲಿ. ಕುರ್ಚಿ ಮೇಲೆ ಕೂತ್ಕೊಂಡು ಮಾಡೋ ಕೆಲಸ."

"ಕೂತ್ಕೊಂಡರೆ ಇವಳ ಮಂಡಿ ಮೇಜಿಗೆ ತಾಗುತ್ತೆ ಕಣೆ," ಎಂದಳು ಅಜ್ಜಿ.

ಯಾರೂ ನಗಲಿಲ್ಲ. ಅಮ್ಮನ ಕಣ್ಣಲ್ಲಿ ನೀರಿತ್ತು. ಅಪ್ಪ ಮುಂದಿನ ಕೋಣೆಯಲ್ಲಿ ಮಲಗಿದ್ದ, ನಿದ್ದೆ ಮಾಡುತ್ತಿದ್ದಾನೆಂದೇ ನಾವು ತಿಳಿದಿದ್ದೆವು. ಟವೆಲ್ ಹೆಗಲ ಮೇಲೆ ಹಾಕಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಮನೆಯ ಜಗಳದಲ್ಲಿ ಅವನು ಬಾಯಿ ಹಾಕುವ ಮನುಷ್ಯನಲ್ಲ.

"ಮಷೀನು ತಿಂಗಳಲ್ಲಿ ಹತ್ತು ದಿನ ನಿಂತೇ ಇರುತ್ತೆ ಈಗ," ಅಂದ. "ಅದು ಪೂರ್ತಿ ನಿಂತ್ರೆ ನನಗೆ ಬೇರೆ ಏನು ಬರುತ್ತೆ ಅಂತ ಯೋಚ್ನೆ ಮಾಡಿದೆ. ಏನೂ ಬರಲ್ಲ. ಇವಳಿಗೆ ಒಂದು ಬರುತ್ತಲ್ಲ, ಅದನ್ನ ಯಾಕೆ ಬಿಡಿಸ್ಬೇಕು?"

ಅಮ್ಮ ಸಂಜೆ ನನ್ನ ಟ್ರಂಕಿಗೆ ಹೊಸ ಬೀಗ ತಂದಳು. ಅದು ಅವಳ ಒಪ್ಪಿಗೆ ಎಂದು ನಾವು ತಿಳಿದುಕೊಂಡೆವು. ಅಲ್ಲವೆಂದು ನನಗೆ ಆಮೇಲೆ ಗೊತ್ತಾಯಿತು; ಅವಳು ಸೋತಿದ್ದಳು ಅಷ್ಟೆ.

ಹಾಸ್ಟೆಲ್ಲಿನ ದಿನಗಳನ್ನು ಇಲ್ಲಿ ಹೆಚ್ಚು ಬರೆಯುವುದಿಲ್ಲ. ಬೆಳಿಗ್ಗೆ ಐದಕ್ಕೆ ಸೀಟಿ, ಓಟ, ಶಾಲೆ, ಮತ್ತೆ ಕೋರ್ಟು. ತಟ್ಟೆಯಲ್ಲಿ ಮೊಟ್ಟೆ ಇರುತ್ತಿತ್ತು, ತಿನ್ನುತ್ತಿದ್ದೆ. ಭಾನುವಾರ ಮನೆಗೆ ಹೋದಾಗ ಅಜ್ಜಿ ಅಲ್ಲಿ ಏನೇನು ಹಾಕುತ್ತಾರೆಂದು ಕೇಳುತ್ತಿದ್ದಳು. ಅನ್ನ, ಸಾರು, ಚಪಾತಿ ಎಂದು ನಾನು ಹೇಳುತ್ತಿದ್ದ ಹಾಗೆ, ಪಟ್ಟಿ ಮುಗಿಯುವ ಮುಂಚೆಯೇ 'ಸರಿ ಸರಿ' ಎಂದು ಎದ್ದುಬಿಡುತ್ತಿದ್ದಳು. ನಾನು ಸುಳ್ಳು ಹೇಳಬೇಕಾಗಿ ಬರಬಾರದೆಂದು ಅವಳು ಹಾಗೆ ಏಳುತ್ತಿದ್ದಳು. ಅದಕ್ಕಿಂತ ದೊಡ್ಡ ಪ್ರೀತಿಯನ್ನು ನಾನು ಕಂಡಿಲ್ಲ. ಅಷ್ಟರಲ್ಲಿ ಕಾರ್ಖಾನೆ ಪೂರ್ತಿ ನಿಂತಿತು. ಕ್ವಾರ್ಟರ್ಸಿನ ಮನೆಗಳು ಒಂದೊಂದೇ ಖಾಲಿಯಾದವು, ಅರುಳ್ ಸರ್ ತಮ್ಮ ಮಗಳ ಊರಿಗೆ ಹೋದರು. ಅಪ್ಪನಿಗೆ ಶಿವಮೊಗ್ಗದಲ್ಲಿ ಪುಸ್ತಕ ಬೈಂಡ್ ಮಾಡುವ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿತು, ಕಾಗದದ ಸಂಬಂಧ ಬಿಡಲಿಲ್ಲ ನೋಡು ಎಂದು ನಗುತ್ತಿದ್ದ. ಅಲ್ಲೇ ರಾಗಿಗುಡ್ಡದಲ್ಲಿ ಮಹಡಿಯ ಮೇಲೆ ಎರಡು ಕೋಣೆಯ ಬಾಡಿಗೆ ಮನೆ. ಹಗಲು ಕೆಲಸ, ರಾತ್ರಿ ನಿದ್ದೆ. ಅಮ್ಮ ಕುಕ್ಕರ್ ಯಾವಾಗ ಬೇಕಾದರೂ ಇಡಬಹುದಿತ್ತು. ಆದರೂ ಎಷ್ಟೋ ದಿನ ನಾವೆಲ್ಲ ಮೆಲ್ಲಗೇ ಮಾತಾಡುತ್ತಿದ್ದೆವು.

ಹದಿನೆಂಟರಲ್ಲಿ ರಾಜ್ಯ ತಂಡದ ಆಯ್ಕೆ ಪಂದ್ಯವಿತ್ತು. ಹಲಗೆಗೆ ತಾಗಿ ಬಂದ ಚೆಂಡಿಗೆ ಹಾರಿದೆ, ಹಿಡಿದೆ, ಇಳಿಯುವಾಗ ಎಡಗಾಲು ಇನ್ನೊಬ್ಬಳ ಪಾದದ ಮೇಲೆ ಬಿತ್ತು. ಮಂಡಿಯೊಳಗೆ ಬಟ್ಟೆ ಹರಿದಂಥ ಸದ್ದು ನನಗೊಬ್ಬಳಿಗೇ ಕೇಳಿಸಿತು. ಆಪರೇಷನ್ ಆಯಿತು. ಒಂಬತ್ತು ತಿಂಗಳು ಆಟವಿಲ್ಲ, ಆಮೇಲೆ ನೋಡೋಣ ಎಂದರು ಡಾಕ್ಟರು. ರಾಗಿಗುಡ್ಡದ ಮನೆಯ ಮುಂದಿನ ಕೋಣೆಯಲ್ಲಿ, ಅಪ್ಪನ ಹಳೆಯ ಮಂಚದ ಮೇಲೆ ಕಾಲು ಚಾಚಿ ಮಲಗಿದೆ. ನನ್ನ ಪಾದ ಮಂಚದಿಂದ ಆಚೆ ಬರುತ್ತಿತ್ತು. ಅಮ್ಮ ಒಂದು ಸ್ಟೂಲು ತಂದು ಅದರ ಮೇಲೆ ದಿಂಬಿಟ್ಟಳು. ಮಂಡಿಗೆ ದಿನಕ್ಕೆ ಎರಡು ಹೊತ್ತು ಐಸು ಇಡಬೇಕಿತ್ತು. ಮನೆಯಲ್ಲಿ ಫ್ರಿಜ್ ಇರಲಿಲ್ಲ. ಅಮ್ಮ ಸ್ಟೀಲಿನ ಪಾತ್ರೆಯನ್ನು ಟವೆಲಿನಲ್ಲಿ ಸುತ್ತಿಕೊಂಡು ಕೆಳಗಿನ ರಸ್ತೆಯ ಜ್ಯೂಸ್ ಅಂಗಡಿಗೆ ಹೋಗಿ ತರುತ್ತಿದ್ದಳು. ಏರು ಹತ್ತಿ, ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಅರ್ಧ ನೀರಾಗಿರುತ್ತಿತ್ತು, ಅವಳ ಸೀರೆಯ ಮುಂಭಾಗ ನೆನೆದಿರುತ್ತಿತ್ತು. ನಾನು ಒಂದು ಮಾತಿಗೆ ಕಾಯುತ್ತಿದ್ದೆ. ನಾನು ಆವತ್ತೇ ಹೇಳಿರಲಿಲ್ವಾ ಎಂಬ ಮಾತು. ಒಂಬತ್ತು ತಿಂಗಳೂ ಕಾದೆ. ಅವಳು ಹೇಳಲಿಲ್ಲ. ಒಂದು ದಿನ ತಡೆಯಲಾರದೆ ನಾನೇ ಕೇಳಿದೆ.

"ಬೈದುಬಿಡಮ್ಮ ಒಂದ್ಸಲ. ನಿನ್ನ ಮಾತೇ ನಿಜವಾಯ್ತಲ್ಲ."

"ನನ್ನ ಮಾತು ನಿಜವಾಗ್ಲಿ ಅಂತ ನಾನು ಹೇಳಿದ್ನೇನೇ?" ಎಂದಳು. "ಕಾಲು ಆ ಕಡೆ ತಿರುಗ್ಸು."

ಮತ್ತೆ ನಡೆದೆ, ಓಡಿದೆ, ಹಾರಲು ಹೆದರಿದೆ, ಹಾರಿದೆ. ಬೆಂಗಳೂರಿನ ಒಂದು ಬ್ಯಾಂಕಿನ ತಂಡಕ್ಕೆ ಆಯ್ಕೆ ನಡೆಯುತ್ತಿದೆಯೆಂದು ಹಾಸ್ಟೆಲ್ಲಿನ ಕೋಚು ಹೇಳಿದರು. ಆಯ್ಕೆಯಾದರೆ ಆಟವೇ ಕೆಲಸ, ಸಂಬಳ. ಇಪ್ಪತ್ತು ಹುಡುಗಿಯರಿಗೆ ಇದ್ದದ್ದು ಎರಡು ಜಾಗ. ಎರಡು ದಿನ ಆಡಿಸಿದರು. ಕೊನೆಗೆ ಅವರ ಕೋಚು ನನ್ನ ಮಂಡಿಯ ಮೇಲಿನ ಗಾಯದ ಗೆರೆ ನೋಡಿ, ಇದು ಇನ್ನೊಂದು ಸಲ ಹರಿದರೆ ಏನು ಮಾಡ್ತೀಯಾ ಎಂದು ಕೇಳಿದರು.

"ಗೊತ್ತಿಲ್ಲ ಸರ್. ಇವತ್ತು ಹರಿದಿಲ್ಲ."

ಅವರು ಅದನ್ನೇ ಬರೆದುಕೊಂಡರು. ಮೂರು ವಾರದ ಮೇಲೆ ಪತ್ರ ಬಂತು. ಅಪ್ಪ ಅದನ್ನು ಬೆಳಕಿಗೆ ಹಿಡಿದು, ಒಳ್ಳೇ ಕಾಗದ ಎಂದ. ಅಜ್ಜಿ ಪತ್ರವನ್ನು ಲಿಂಗದ ಮುಂದಿಟ್ಟು, ಆಮೇಲೆ ಬೀದಿಯ ನಾಲ್ಕು ಮನೆಗೆ ತೋರಿಸಲು ಮೆಟ್ಟಿಲು ಇಳಿಯಲು ಹೋಗಿ ಅಮ್ಮನಿಂದ ಬೈಸಿಕೊಂಡಳು. ಆ ಹೊತ್ತಿಗೆ ಅವಳ ಕಾಲು ಸೋತಿದ್ದವು.

ಬ್ಯಾಂಕಿನ ತಂಡ ಮೊದಲ ವರ್ಷವೇ ಒಂದು ಪಂದ್ಯಾವಳಿಗೆ ಶಿವಮೊಗ್ಗಕ್ಕೆ ಬಂತು. ಅಮ್ಮ ಅಷ್ಟು ವರ್ಷದಲ್ಲಿ ನನ್ನ ಒಂದು ಆಟವನ್ನೂ ನೋಡಿರಲಿಲ್ಲ. ಪ್ರತಿ ಸಲ ಏನಾದರೊಂದು ಕೆಲಸ ಹೇಳುತ್ತಿದ್ದಳು. ಮೆಟ್ಟಿಲು ಇಳಿಯಲಾರದ ಅಜ್ಜಿ ಮನೆಯಲ್ಲೇ ಉಳಿದಳು, ಆದರೆ ಅಮ್ಮನನ್ನು ಈ ಸಲ ಅಪ್ಪ ಬಿಡಲಿಲ್ಲ. ಮದುವೆಮನೆಗೆ ಉಡುವ ಸೀರೆ ಉಟ್ಟು, ಒಳಾಂಗಣ ಕ್ರೀಡಾಂಗಣದ ಮೂರನೇ ಸಾಲಿನಲ್ಲಿ ಕೈಚೀಲವನ್ನು ತೊಡೆಯ ಮೇಲೆ ಬಿಗಿಯಾಗಿ ಹಿಡಿದು ಕೂತಿದ್ದಳು. ಒಂದೇ ಸಲ ಆ ಕಡೆ ನೋಡಿದೆ. ಆಮೇಲೆ ನೋಡುವ ಧೈರ್ಯವಾಗಲಿಲ್ಲ. ಆಟ ಕೊನೆಯ ನಿಮಿಷದವರೆಗೂ ಸಮ ಸಮ ಹೋಯಿತು. ಒಂದು ಪಾಯಿಂಟು ಹಿಂದಿದ್ದಾಗ ನನಗೆ ಎರಡು ಫ್ರೀ ಥ್ರೋ ಸಿಕ್ಕವು. ನನ್ನ ಊರು, ನನ್ನ ಜನ, ಎಲ್ಲರೂ ಉಸಿರು ಹಿಡಿದು ಕೂತಿದ್ದರು. ಮೊದಲನೆಯದು ರಿಂಗಿಗೆ ತಾಗಿ ಆಚೆ ಬಿತ್ತು. ಎರಡನೆಯದೂ ಬೀಳಲಿಲ್ಲ. ಸೋತೆವು. ಮುಖಕ್ಕೆ ಟವೆಲ್ ಒತ್ತಿಕೊಂಡು ಬೆಂಚಿನ ಮೇಲೆ ಕೂತಿದ್ದೆ. ಅಮ್ಮ ಮೆಟ್ಟಿಲು ಇಳಿದು ನೇರ ನನ್ನ ಹತ್ತಿರ ಬಂದಳು. ಅವಳ ಮುಖ ನೋಡಿ ನನಗೆ ಅರ್ಥವಾಗಲಿಲ್ಲ, ಅಷ್ಟು ಸಂತೋಷವಿತ್ತು ಅದರಲ್ಲಿ.

"ಎಷ್ಟು ಚೆನ್ನಾಗಿ ಆಡ್ದೆ ಕಣೆ ಗಿರಿಜಾ!"

"ಅಮ್ಮ, ಸೋತ್ವಿ. ನಾನೇ ಸೋಲಿಸ್ದೆ."

"ಹೌದಾ?" ಎಂದು ಅವಳು ಅಪ್ಪನ ಕಡೆ ತಿರುಗಿದಳು.

"ಅವಳು ಚೆಂಡು ಎಲ್ಲಿ ನೋಡಿದ್ಲು?" ಎಂದ ಅಪ್ಪ. "ಶುರುವಿನಿಂದ ನಿನ್ನ ಎಡಗಾಲನ್ನೇ ನೋಡ್ತಾ ಕೂತಿದ್ಲು."

ಅಮ್ಮ ನಾಚಲಿಲ್ಲ. ಬಗ್ಗಿ, ಸೆರಗಿನಿಂದ ನನ್ನ ಮಂಡಿಯ ಮೇಲಿನ ಬೆವರು ಒರೆಸಿದಳು.

"ನಲವತ್ತೊಂದು ಸಲ ಹಾರಿದೆ," ಎಂದಳು. "ನಲವತ್ತೊಂದು ಸಲಾನೂ ನೆಟ್ಟಗೆ ಇಳ್ದೆ."